ನೂರು ಕಿಲೋಮೀಟರ್ ಈಚೆಯ ಆಸ್ಪತ್ರೆ

ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾಳಿ ನದಿಯ ದಂಡೆಗಿರುವ ಕೈಗಾ ಅಣು ವಿದ್ಯುತ್ ಸ್ಥಾವರದಿಂದ ನೇರ ಪೂರ್ವಕ್ಕೆ ಗೆರೆ ಎಳೆದರೆ ಅದು ಸುಮಾರು 100 ಕಿ.ಮೀ. ದೂರದಲ್ಲಿ ಹಾವೇರಿಯನ್ನು ಮುಟ್ಟುತ್ತದೆ. ಬ್ಯಾಡಗಿ ಮತ್ತು ರಾಣೆಬೆನ್ನೂರು ಆ ಗೆರೆಗಿಂತ ತುಸು ದಕ್ಷಿಣಕ್ಕೆ ಸರಿದು, ಇನ್ನೂ ಹತ್ತರಿಂದ ಮೂವತ್ತು ಕಿ.ಮೀ. ಆಚೆಗೆ ಬರುತ್ತವೆ. ಸ್ಥಾವರದ ಸುತ್ತಲಿನ 16 ಕಿ.ಮೀ. ಪ್ರದೇಶವನ್ನು ತುರ್ತು ಯೋಜನಾ ವಲಯವೆಂದು, ಅಂದರೆ ಅವಘಡ ನಡೆದರೆ ಜನರನ್ನು ಮನೆಯೊಳಗೆ ಇರಿಸುವ, ಬೇರೆಡೆಗೆ ಸಾಗಿಸುವ, ಅಯೋಡಿನ್ ಗುಳಿಗೆ ಹಂಚುವ ಏರ್ಪಾಡು ಮೊದಲೇ ಇರಬೇಕಾದ ಪ್ರದೇಶವೆಂದು ಗುರುತಿಸುವುದು ಭಾರತದ ಕ್ರಮ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯೂ ಆ ವಲಯದೊಳಗೆ ಬೀಳುವುದಿಲ್ಲ. ಕಾಗದದ ಲೆಕ್ಕದಲ್ಲಿ ಮಾತು ಇಲ್ಲಿಗೇ ಮುಗಿಯಬೇಕು. ಆದರೆ ಮುಂಗಾರಿನ ಗಾಳಿ ಬೀಸುವುದು ಪಶ್ಚಿಮದಿಂದ ಪೂರ್ವಕ್ಕೆ ಎಂಬುದನ್ನೂ, ಘಟ್ಟದ ಕೆಳಗಿನ ಜನ ಮನೆ ಬಿಟ್ಟು ಹೊರಡಬೇಕಾಗಿ ಬಂದರೆ ಯಲ್ಲಾಪುರ, ಮುಂಡಗೋಡ, ಹಾನಗಲ್ಲಿನ ದಾರಿ ಹಿಡಿದು ಬಯಲುಸೀಮೆಗೇ ಬರುತ್ತಾರೆ ಎಂಬುದನ್ನೂ ನೆನೆದರೆ ಪ್ರಶ್ನೆ ಮತ್ತೆ ತೆರೆದುಕೊಳ್ಳುತ್ತದೆ.

ಈ ಪ್ರಶ್ನೆಯನ್ನು ಇಲ್ಲಿ ಮೂರು ದನಿಗಳು ಚರ್ಚಿಸುತ್ತವೆ. ಒಂದು, ರಾಣೆಬೆನ್ನೂರಿನಲ್ಲಿ ಬಹುಕಾಲ ಶಸ್ತ್ರಚಿಕಿತ್ಸೆ ಮಾಡಿ ಈಗ ಕತ್ತರಿ ಕೆಳಗಿಟ್ಟಿರುವ ಹಿರಿಯ ವೈದ್ಯರದು. ಇನ್ನೊಂದು, ಹಾವೇರಿಯಲ್ಲಿ ಸಮುದಾಯ ವೈದ್ಯಶಾಸ್ತ್ರವನ್ನು, ಅಂದರೆ ಒಬ್ಬ ರೋಗಿಯನ್ನಲ್ಲದೆ ಇಡೀ ಜನಸಮೂಹದ ಆರೋಗ್ಯವನ್ನು ನೋಡುವ ಶಾಸ್ತ್ರವನ್ನು, ಕಲಿಸುವ ತರುಣ ವೈದ್ಯೆಯದು. ಮಾತು ಅರ್ಧ ದಾರಿಗೆ ಬಂದಾಗ ಸೇರಿಕೊಳ್ಳುವ ಮೂರನೆಯದು ಬ್ಯಾಡಗಿಯ ಮೆಣಸಿನಕಾಯಿ ಅಡತಿ ವರ್ತಕರದು.

ಹಿರಿಯರು: ಈ ಜಿಲ್ಲೆಯ ಆಸ್ಪತ್ರೆಗಳಿಗೆ ಅಪರಾತ್ರಿ ಬರುವವರು ಯಾರೆಂಬುದು ಗುಟ್ಟಿನ ವಿಷಯವಲ್ಲ. ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು, ಹೊಲದಲ್ಲಿ ಹಾವು ಕಚ್ಚಿಸಿಕೊಂಡವರು, 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಯ ಗಾಲಿಗೆ ಸಿಕ್ಕವರು. ಇವರನ್ನು ಉಳಿಸಲು ಬೇಕಾದ ಹಾಸಿಗೆ, ಔಷಧಿ, ಕೈಗಳು ಸಾಲದಿರುವಾಗ ನೂರು ಕಿ.ಮೀ. ಆಚೆಯ ಸ್ಥಾವರದಲ್ಲಿ ಎಂದೋ ಆಗಬಹುದಾದದ್ದಕ್ಕೆ ತರಬೇತಿ ಕೊಡಹೊರಡುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ತರುಣಿ: ಸರ್, ಎಣ್ಣೆ ಕುಡಿದ ರೋಗಿಯಿಂದಲೇ ಶುರು ಮಾಡೋಣ. ಅಂಥವನು ಬಂದೊಡನೆ ವಾರ್ಡಿನಲ್ಲಿ ಮೊದಲು ಏನು ನಡೆಯುತ್ತದೆ?

ಹಿರಿಯರು: ಉಸಿರಾಟ ನೋಡುತ್ತಾರೆ, ವಿಷಕ್ಕೆ ಮದ್ದಾದ ಅಟ್ರೋಪಿನ್ ಶುರು ಮಾಡುತ್ತಾರೆ. ಅದರ ಜೊತೆಗೇ ಬಟ್ಟೆ ಬಿಚ್ಚಿಸುತ್ತಾರೆ. ಆ ಎಣ್ಣೆಯಲ್ಲಿನ ಆರ್ಗನೊಫಾಸ್ಫೇಟ್ ಎಂಬ ವಿಷ ಚರ್ಮದ ಮೂಲಕವೂ ಒಳಗಿಳಿಯುತ್ತದೆಯಾದ್ದರಿಂದ ತಲೆಗೂದಲು, ಉಗುರಿನ ಸಂದು, ಕಿವಿಯ ಹಿಂಭಾಗ ಬಿಡದೆ ಸಾಬೂನಿನಿಂದ ತೊಳೆಯಬೇಕು. ತೋಯ್ದ ಬಟ್ಟೆಯನ್ನು ಚೀಲಕ್ಕೆ ಹಾಕಿ ಕಟ್ಟಬೇಕು. ತೊಳೆಯುವವರ ಕೈಗೆ ಗವಸು ಇರಬೇಕು. ಇದನ್ನು ಬರೆದುಕೊಡಬೇಕಾಗಿಲ್ಲ, ಹಳೆಯ ವಾರ್ಡ್‌ಬಾಯ್‌ಗಳಿಗೆ ಕಣ್ಣು ಮುಚ್ಚಿದರೂ ಬರುತ್ತದೆ.

ತರುಣಿ: ಮೈಮೇಲೆ ವಿಕಿರಣಶೀಲ ಧೂಳು ಕುಳಿತ ರೋಗಿಗೂ ಬಟ್ಟೆ ಬಿಚ್ಚಿಸಿ ತೊಳೆಯುವ ಇದೇ ಕ್ರಮ. ಮೇಲುಡುಪು ಕಳಚಿದರೆ ಸಾಕು, ಹೊರಗಿನ ಧೂಳಿನ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಉಳಿದದ್ದಕ್ಕೆ ಉಗುರು ಬೆಚ್ಚಗಿನ ನೀರು ಮತ್ತು ಸಾಬೂನು. ಚರ್ಮ ಕೆಂಪಾಗುವ ಹಾಗೆ ಉಜ್ಜಬಾರದು, ಏಕೆಂದರೆ ಗೀರಿದ ಚರ್ಮದ ಮೂಲಕ ಧೂಳು ಒಳಗಿಳಿಯುತ್ತದೆ. ಜಗತ್ತಿನ ಅಣು ಅವಘಡಗಳಿಂದ ವೈದ್ಯರು ಕಲಿತ ಮೊದಲ ಪಾಠಕ್ಕೆ ಯಂತ್ರ ಬೇಕಿಲ್ಲ. ಈ ಜಿಲ್ಲೆಗೆ ಆ ಕೈಚಳಕ ಬೇರೆ ಹೆಸರಿನಲ್ಲಿ ಮೊದಲೇ ಗೊತ್ತಿದೆ. ಗೊತ್ತಿದೆ ಎಂಬುದು ಮಾತ್ರ ಗೊತ್ತಿಲ್ಲ.

ಹಿರಿಯರು: ಮಾತು ಚೆನ್ನಾಗಿದೆ. ಆದರೆ ಎಣ್ಣೆ ಕುಡಿದವನನ್ನು ಮುಟ್ಟಲು ಯಾರೂ ಹೆದರುವುದಿಲ್ಲ. ವಿಕಿರಣ ಎಂದೊಡನೆ ಸ್ಟ್ರೆಚರ್ ಹಿಡಿದವನು ಬಾಗಿಲಲ್ಲೇ ನಿಲ್ಲುತ್ತಾನೆ.

ತರುಣಿ: ನಿಲ್ಲುವುದು, ಎರಡು ಬೇರೆ ಸಂಗತಿಗಳನ್ನು ಒಂದೇ ಎಂದು ತಿಳಿದಿರುವುದರಿಂದ. ವಿಕಿರಣಕ್ಕೆ ಒಡ್ಡಿಕೊಂಡ ಮನುಷ್ಯ ಬೇರೆ, ವಿಕಿರಣಶೀಲ ವಸ್ತು ಮೈಗೆ ಅಂಟಿಸಿಕೊಂಡ ಮನುಷ್ಯ ಬೇರೆ. ಎಕ್ಸ್‌ರೇ ತೆಗೆಸಿಕೊಂಡು ಬಂದವನಿಂದ ಪಕ್ಕದವನಿಗೆ ಕಿರಣ ಬರುವುದಿಲ್ಲ; ಸ್ಥಾವರದೊಳಗೆ ಗಾಮಾ ಕಿರಣ ಹಾಯ್ದವನೂ ಹಾಗೆಯೇ, ಅವನೊಳಗೆ ಹಾನಿ ಆಗಿರಬಹುದು, ಅವನಿಂದ ಇನ್ನೊಬ್ಬರಿಗೆ ಹಾನಿ ಇಲ್ಲ. ಅಂಟಿಸಿಕೊಂಡವನಿಂದ ಮಾತ್ರ ಧೂಳು ಹರಡೀತು, ಅದಕ್ಕೆ ಸ್ನಾನವಿದೆ. ಅದಕ್ಕಿಂತ ಮುಖ್ಯವಾದದ್ದು, ರಕ್ತ ಸುರಿಯುತ್ತಿದ್ದರೆ, ಉಸಿರು ಕಟ್ಟುತ್ತಿದ್ದರೆ, ಸ್ನಾನವೂ ಆಮೇಲೆ. ಜೀವ ಮೊದಲು, ಧೂಳು ನಂತರ.

ಹಿರಿಯರು: ಶಸ್ತ್ರಚಿಕಿತ್ಸಕನಾದವನಿಗೆ ಅಷ್ಟು ಸಾಲದು. ಕಾಲು ಮುರಿದುಕೊಂಡವನೇ ಹೆಚ್ಚಿನ ಪ್ರಮಾಣದ ವಿಕಿರಣಕ್ಕೂ ಸಿಕ್ಕಿದ್ದರೆ?

ತರುಣಿ: ಅದಕ್ಕೆ ಸಂಯುಕ್ತ ಗಾಯ ಎಂಬ ಹೆಸರೇ ಇದೆ, ಮತ್ತು ಅದರ ನಿಯಮ ಶಸ್ತ್ರಚಿಕಿತ್ಸಕರ ಗಡಿಯಾರಕ್ಕೆ ಸಂಬಂಧಿಸಿದ್ದು. ವಿಕಿರಣ ಮೂಳೆಯೊಳಗಿನ ಮಜ್ಜೆಯನ್ನು, ಅಂದರೆ ರಕ್ತಕಣಗಳು ಹುಟ್ಟುವ ಮೂಲವನ್ನು ಹೊಡೆಯುತ್ತದೆ. ಆದರೆ ಅದರ ಪೂರ್ಣ ಫಲ ಕಾಣಿಸುವುದು ಕೆಲವು ದಿನಗಳ ಅನಂತರ. ಆದ್ದರಿಂದ ಮಾಡಲೇಬೇಕಾದ ಶಸ್ತ್ರಚಿಕಿತ್ಸೆಯನ್ನು ಮೊದಲ 36 ರಿಂದ 48 ತಾಸುಗಳೊಳಗೆ ಮುಗಿಸಿ ಗಾಯ ಮುಚ್ಚಬೇಕು; ಆ ಹೊತ್ತು ಮೀರಿದರೆ ಬಿಳಿ ರಕ್ತಕಣ ಕುಸಿದು ಗಾಯ ಮಾಯುವುದಿಲ್ಲ, ಸೋಂಕು ತಡೆಯುವುದಿಲ್ಲ, ವಾರಗಟ್ಟಲೆ ಕಾಯಬೇಕಾಗುತ್ತದೆ.

ಹಿರಿಯರು ಇಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ವಾದಕ್ಕಿಂತ ಕಸುಬಿನ ಮಾತು ಅವರನ್ನು ಹೆಚ್ಚು ಹತ್ತಿರಕ್ಕೆ ಎಳೆಯುತ್ತದೆ ಎಂಬುದು ಮುಂದಿನ ಪ್ರಶ್ನೆಯಿಂದ ತಿಳಿಯುತ್ತದೆ.

ಹಿರಿಯರು: ಯಾರಿಗೆ ಎಷ್ಟು ಪ್ರಮಾಣ ತಗುಲಿದೆ ಎಂದು ತಾಲೂಕು ಆಸ್ಪತ್ರೆಯಲ್ಲಿ ತಿಳಿಯುವುದು ಹೇಗೆ? ಅದಕ್ಕಾದರೂ ಮುಂಬೈಯ ಪ್ರಯೋಗಾಲಯ ಬೇಕಲ್ಲವೆ?

ತರುಣಿ: ವರ್ಣತಂತುಗಳು ಮುರಿದು ಜೋಡಿಕೊಂಡ ರೀತಿಯನ್ನು ಎಣಿಸಿ ಪ್ರಮಾಣ ಹೇಳುವ ನಿಖರ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇ ಬೇಕು. ಆದರೆ 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರದ 4ನೆಯ ಘಟಕ ಸ್ಫೋಟಗೊಂಡಾಗ ವೈದ್ಯರು ಮೊದಲಿಗೆ ಅವಲಂಬಿಸಿದ್ದು ಎರಡು ಸರಳ ಗುರುತುಗಳನ್ನು: ವಾಂತಿ ಎಷ್ಟು ತಾಸಿಗೆ ಶುರುವಾಯಿತು, ಮತ್ತು ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣ ಎಷ್ಟು ಬೇಗ ಇಳಿಯುತ್ತಿದೆ. ವಾಂತಿಯ ಹೊತ್ತನ್ನು ಚೀಟಿಯಲ್ಲಿ ಬರೆದುಕೊಳ್ಳಬೇಕು. ರಕ್ತ ಎಣಿಸುವ ಯಂತ್ರ ರಾಣೆಬೆನ್ನೂರಿನ ಯಾವ ಲ್ಯಾಬಿನಲ್ಲೂ ಇದೆ, ಕೆಲವು ತಾಸಿಗೊಮ್ಮೆ ಮತ್ತೆ ಮತ್ತೆ ಎಣಿಸಿ ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯುವ ಶಿಸ್ತು ಇದ್ದರಾಯಿತು. ಚೆರ್ನೋಬಿಲ್‌ನಲ್ಲಿ ತೀವ್ರ ವಿಕಿರಣ ಕಾಯಿಲೆ ಖಚಿತವಾದದ್ದು 134 ಜನರಲ್ಲಿ. ಅವರಲ್ಲಿ 28 ಮಂದಿ ಮೊದಲ ಕೆಲವು ತಿಂಗಳಲ್ಲಿ ತೀರಿಕೊಂಡರು. 13 ಮಂದಿಗೆ ಮಜ್ಜೆಯ ಕಸಿ ಮಾಡಿದರು, ಜಗತ್ತೆಲ್ಲ ಬೆರಗಿನಿಂದ ನೋಡಿತು, ಫಲ ಮಾತ್ರ ನಿರಾಶೆಯದು. ಎಷ್ಟೋ ಜನರ ಪ್ರಾಣ ತೆಗೆದದ್ದು ಮಜ್ಜೆಯಷ್ಟೇ ಅಲ್ಲ, ತೋಯ್ದ ಬಟ್ಟೆಗೆ ಅಂಟಿದ ಧೂಳಿನಿಂದ ಆದ ಬೀಟಾ ಕಿರಣದ ಸುಟ್ಟಗಾಯ.

ಹಿರಿಯರು: ಅಂದರೆ ಬಟ್ಟೆ ಬೇಗ ಕಳಚಿದ್ದರೆ ಕೆಲವರಾದರೂ ಉಳಿಯುತ್ತಿದ್ದರು. ಕಸಿಗಿಂತ ಕತ್ತರಿ ಮೇಲು. ಬಟ್ಟೆ ಕತ್ತರಿಸುವ ಕತ್ತರಿ.

ತರುಣಿ: ಕೈಗಾದಲ್ಲಿ 1994ರ ಮೇ 13ರಂದು ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಪದರ ಕಳಚಿ ಬಿದ್ದಾಗ ಅಲ್ಲಿ ಇಂಧನವೇ ಇರಲಿಲ್ಲ, ಆದದ್ದು ಕಾಂಕ್ರೀಟ್ ಬಿದ್ದ ಗಾಯ. ಅಣು ಸ್ಥಾವರದ ಗಾಯವೆಲ್ಲ ಅಣುವಿನ ಗಾಯವಲ್ಲ, ಮೊದಲು ಮನುಷ್ಯನನ್ನು ನೋಡಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಹಿರಿಯರು: ಹತ್ತಿರದ್ದೇ ಬೇಕಾದರೆ 2009ರ ನೀರಿನ ಕೂಲರಿನ ಸಂಗತಿ ಇದೆ. ಅದನ್ನು ನೀವು ಜಾಣತನದಿಂದ ದಾಟಿಬಿಟ್ಟಿರಿ.

ತರುಣಿ: ದಾಟಿಲ್ಲ, ಅದೇ ಈ ಮಾತಿನ ನಡುಗಂಬ. ಕೈಗಾದ ಬಗೆಯ ಸ್ಥಾವರದಲ್ಲಿ ಭಾರಜಲವನ್ನು, ಅಂದರೆ ಸಾಮಾನ್ಯ ಜಲಜನಕದ ಜಾಗದಲ್ಲಿ ಅದರ ತೂಕದ ರೂಪವಾದ ಡ್ಯುಟೀರಿಯಂ ಇರುವ ನೀರನ್ನು, ಬಳಸುತ್ತಾರೆ. ರಿಯಾಕ್ಟರಿನೊಳಗೆ ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. 2009ರ ನವೆಂಬರ್‌ನಲ್ಲಿ ಕಾರ್ಮಿಕರ ಮೂತ್ರದ ವಾಡಿಕೆಯ ಪರೀಕ್ಷೆಯಲ್ಲಿ ಟ್ರಿಟಿಯಂ ಇರಬೇಕಾದ್ದಕ್ಕಿಂತ ಹೆಚ್ಚು ಕಂಡಿತು. ಹುಡುಕಿಕೊಂಡು ಹೋದರೆ ಮೂಲ ಸಿಕ್ಕಿದ್ದು ಕುಡಿಯುವ ನೀರಿನ ಕೂಲರಿನಲ್ಲಿ. ಯಾರೋ ಟ್ರಿಟಿಯಂ ಇದ್ದ ಭಾರಜಲವನ್ನು ಅದಕ್ಕೆ ಬೆರೆಸಿದ್ದರು. ನೀರು ಕುಡಿದವರು 50ಕ್ಕೂ ಹೆಚ್ಚು ಜನ.

ಹಿರಿಯರು: ಚಿಕಿತ್ಸೆ?

ತರುಣಿ: ನೀರು. ಟ್ರಿಟಿಯಂನ ಭೌತಿಕ ಅರ್ಧಾಯು, ಅಂದರೆ ಇದ್ದದ್ದು ಅರ್ಧವಾಗಲು ಹಿಡಿಯುವ ಕಾಲ, 12 ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಆದರೆ ಅದು ದೇಹದಲ್ಲಿ ನೀರಿನ ಜೊತೆ ನೀರಾಗಿ ಬೆರೆಯುವುದರಿಂದ ಬೆವರು, ಮೂತ್ರದ ಮೂಲಕ ಸುಮಾರು 10 ದಿನಕ್ಕೆ ಅರ್ಧದಷ್ಟು ಹೊರಗೆ ಹೋಗುತ್ತದೆ. ಹೆಚ್ಚು ದ್ರವ ಕೊಟ್ಟು, ಬೇಕಾದರೆ ಮೂತ್ರ ಹೆಚ್ಚಿಸುವ ಗುಳಿಗೆ ಕೊಟ್ಟರೆ ಆ ಕಾಲ ಇನ್ನೂ ಮೊಟಕಾಗುತ್ತದೆ. ಕಾರ್ಮಿಕರ ವಾರ್ಷಿಕ ಮಿತಿ 30 ಮಿಲಿಸೀವರ್ಟ್. ವಿಕಿರಣ ದೇಹಕ್ಕೆ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಅಳೆಯುವ ಮಾನ ಅದು. ಬಹುಪಾಲು ಜನರ ಪ್ರಮಾಣ ಮಿತಿಯೊಳಗೇ ಇತ್ತು. ಗಮನಿಸಬೇಕಾದದ್ದು, ಅವರಲ್ಲಿ ಯಾರಿಗೂ ಕಾಯಿಲೆಯ ಲಕ್ಷಣ ಕಾಣದಿದ್ದಾಗಲೇ ಸಂಗತಿ ಬಯಲಾದದ್ದು. ಹಿಡಿದದ್ದು ವೈದ್ಯರ ಸ್ಟೆತಸ್ಕೋಪ್ ಅಲ್ಲ, ಮೂತ್ರದ ಬಾಟಲಿಯ ಮೇಲೆ ಅಂಟಿಸಿದ ಚೀಟಿ ಮತ್ತು ಅದರ ಹಿಂದಿನ ದಾಖಲೆ ಪುಸ್ತಕ.

ಹಿರಿಯರು: 30 ಮಿಲಿಸೀವರ್ಟ್ ಎಂದಿರಿ. ಹೊಟ್ಟೆಯ ಒಂದು ಸಿಟಿ ಸ್ಕ್ಯಾನಿಗೆ ಸುಮಾರು 10 ಆಗುತ್ತದೆ. ಪಿತ್ತಕೋಶದ ನೋವಿಗೆ ಒಂದು ಸ್ಕ್ಯಾನು ಹಾವೇರಿಯಲ್ಲಿ, ಅದನ್ನು ನಂಬದೆ ಇನ್ನೊಂದು ದಾವಣಗೆರೆಯಲ್ಲಿ, ಮೂರನೆಯದು ಹುಬ್ಬಳ್ಳಿಯಲ್ಲಿ ತೆಗೆಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಫಿಲ್ಮು ಹಿಡಿದು ಬರುವ ರೈತನಿಗೆ ಆ ಲೆಕ್ಕ ಬರೆದುಕೊಡುವವರು ಯಾರಿದ್ದಾರೆ?

ತರುಣಿ: ಯಾರೂ ಇಲ್ಲ. ಸ್ಥಾವರದ ಗುತ್ತಿಗೆ ಕೂಲಿಯ ಎದೆಯ ಮೇಲೂ ಟಿಎಲ್‌ಡಿ ಬ್ಯಾಡ್ಜ್, ಅಂದರೆ ಬಿದ್ದ ವಿಕಿರಣವನ್ನು ಹಿಡಿದಿಟ್ಟುಕೊಂಡು ಆಮೇಲೆ ಕಾಯಿಸಿದಾಗ ಬೆಳಕಾಗಿ ಬಿಟ್ಟುಕೊಡುವ ಹರಳಿನ ಬಿಲ್ಲೆ, ಇರುತ್ತದೆ. ಅವನ ಪ್ರಮಾಣ ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ರೋಗಿಗೆ ಅಂಥ ಪುಸ್ತಕವಿಲ್ಲ. ಅಣು ಸ್ಥಾವರದಿಂದ ಆಸ್ಪತ್ರೆ ಕಲಿಯಬೇಕಾದದ್ದು ಅವಘಡ ಆದ ದಿನವಷ್ಟೇ ಅಲ್ಲ.

ಹಿರಿಯರು: ರೋಗಿಯ ಮಾತು ಹಾಗಿರಲಿ, ಎಕ್ಸ್‌ರೇ ಕೋಣೆಯ ಹುಡುಗನ ಬ್ಯಾಡ್ಜು ಎಷ್ಟೋ ಕಡೆ ಅವನ ಅಂಗಿಯ ಮೇಲಲ್ಲ, ಗೋಡೆಯ ಮೊಳೆಗೆ ತೂಗುತ್ತಿರುತ್ತದೆ. ಗೋಡೆಗೆ ಎಷ್ಟು ಬಿತ್ತು ಎಂಬ ಲೆಕ್ಕ ಮಾತ್ರ ಪಕ್ಕಾ!

ಇಷ್ಟರಲ್ಲಿ ಬ್ಯಾಡಗಿಯ ವರ್ತಕರು ಮಾತಿಗೆ ಸೇರುತ್ತಾರೆ. ಅವರ ಆತಂಕ ವೈದ್ಯಕೀಯದ್ದಲ್ಲ, ಆದರೆ ವೈದ್ಯರು ಉತ್ತರಿಸಲೇಬೇಕಾದದ್ದು.

ವರ್ತಕರು: ಡಾಕ್ಟರೇ, ತಂಗಿ, ನಿಮ್ಮ ಲೆಕ್ಕ ನಿಮ್ಮದು. 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಒಂದೇಸಮನೆ ಇಳಿದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿದ್ದದ್ದನ್ನು ಊರು ಕಣ್ಣಾರೆ ಕಂಡಿದೆ. ದರದ ಸುದ್ದಿಗೇ ಹೀಗಾದರೆ, ಕೈಗಾದಲ್ಲಿ ಏನೋ ಆಯಿತಂತೆ ಎಂಬ ಒಂದು ಮೆಸೇಜು ಮೊಬೈಲಿನಲ್ಲಿ ಹರಿದಾಡಿದ ದಿನ ಈ ಮಾರುಕಟ್ಟೆಯ ಗತಿ ಏನು? ಬ್ಯಾಡಗಿ ಎಂಬ ಹೆಸರಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಹೆಸರಿನಿಂದ ಬಂದ ಬೆಲೆ ಹೆಸರಿನಿಂದಲೇ ಹೋದೀತು. ಆದ್ದರಿಂದ ಈ ಮಾತನ್ನು ಆಡದೆ ಇರುವುದೇ ಲೇಸು.

ತರುಣಿ: ಸಾಹುಕಾರರೇ, ಮಸಾಲೆ ಪುಡಿಯನ್ನು ಗಾಮಾ ಕಿರಣಕ್ಕೆ ಹಿಡಿದು ಸೂಕ್ಷ್ಮಾಣು ಕೊಲ್ಲುವ ಪದ್ಧತಿ ವ್ಯಾಪಾರದವರಿಗೆ ಗೊತ್ತಿರಬೇಕು. ನವಿ ಮುಂಬೈಯ ವಾಶಿಯಲ್ಲಿ ಅದಕ್ಕೆಂದೇ ಕೇಂದ್ರ ಸರ್ಕಾರದ ಘಟಕವಿದೆ. ಆ ಪುಡಿಯಿಂದ ಕಿರಣ ಹೊರಡುತ್ತದೆಯೆ?

ವರ್ತಕರು: ಹೊರಡುವುದಿಲ್ಲ, ಹೊರಟರೆ ಹೊರದೇಶದವರು ಕೊಳ್ಳುತ್ತಿದ್ದರೆ?

ತರುಣಿ: ಹಾಗಾದರೆ ಒಡ್ಡಿದ್ದು ಬೇರೆ, ಅಂಟಿದ್ದು ಬೇರೆ ಎಂಬ ಪಾಠ ಹಿರಿಯರಿಗಿಂತ ಮೊದಲೇ ನಿಮಗೆ ಗೊತ್ತು. ಇನ್ನೊಂದು ಪಾಠ ನಿಮ್ಮ ಹಮಾಲರಿಗೂ ಗೊತ್ತು. ಮೆಣಸಿನಕಾಯಿ ಚೀಲ ಹೊತ್ತು ಮನೆಗೆ ಹೋದವನು ಕೂಸನ್ನು ಎತ್ತಿಕೊಳ್ಳುವ ಮೊದಲು ಏನು ಮಾಡುತ್ತಾನೆ?

ವರ್ತಕರು: ಕೈ ತೊಳೆಯುತ್ತಾನೆ, ಅಂಗಿ ಕಳಚುತ್ತಾನೆ. ಖಾರದ ಕೈ ಕಣ್ಣಿಗೆ ಹೋದರೆ ಕೂಸು ರಾತ್ರಿಯೆಲ್ಲ ಅಳುತ್ತದೆ. ಆದರೂ ಒಂದು ಮಾತು, ಬ್ಯಾಡಗಿ ಡಬ್ಬಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಅದರ ಮೇಲೆ ಇಲ್ಲದ ಅಪವಾದ ಹೊರಿಸಬೇಡಿ.

ತರುಣಿ: ಒಪ್ಪಿತು. ಖಾರ ಕೈಗೆ ಅಂಟಿದರೆ ತೊಳೆಯಬಹುದು, ಘಾಟು ಉಸಿರಿನ ಜೊತೆ ಒಳಗೆ ಹೋದರೆ ತೊಳೆಯಲು ಬಾರದು. ವಿಕಿರಣಶೀಲ ಧೂಳಿನ ಚಿಕಿತ್ಸೆಯೆಲ್ಲ ಈ ಎರಡರ ನಡುವಿನ ವ್ಯತ್ಯಾಸದ ಮೇಲೆ ನಿಂತಿದೆ. ಒಳಗೆ ಹೋದದ್ದಕ್ಕೆ ಬೇರೆ ಬೇರೆ ಔಷಧಿ: ಸೀಸಿಯಂ ಆದರೆ ಪ್ರಶಿಯನ್ ನೀಲಿ ಎಂಬ ಬಣ್ಣದ ಪುಡಿ, ಅದು ಕರುಳಿನಲ್ಲಿ ಸೀಸಿಯಂ ಹಿಡಿದುಕೊಂಡು ಮಲದಲ್ಲಿ ಹೊರಗೆ ಒಯ್ಯುತ್ತದೆ; ಅಯೋಡಿನ್ ಆದರೆ ಪೊಟ್ಯಾಸಿಯಂ ಅಯೋಡೈಡ್ ಗುಳಿಗೆ; ಟ್ರಿಟಿಯಂ ಆದರೆ ಬರೀ ನೀರು. ಇದನ್ನು ಊರಿಗೆ ಮೊದಲೇ ತಿಳಿಸಿ ಹೇಳಿದ್ದರೆ ಆ ಮೆಸೇಜು ಬಂದ ದಿನ ಜನ ಕೇಳುವ ಪ್ರಶ್ನೆಯಾದರೂ ಸರಿಯಾಗಿರುತ್ತದೆ. ಭಯವೂ ಒಂದು ಕಾಯಿಲೆ, ಅದಕ್ಕೂ ಲೆಕ್ಕವಿದೆ. ಚೆರ್ನೋಬಿಲ್ ಆದಮೇಲೆ ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಗ್ರೀಸ್‌ನಲ್ಲಿ ಹೆದರಿಕೆಯಿಂದಲೇ ಸುಮಾರು 2,500 ಬಸಿರುಗಳನ್ನು, ತಾಯಂದಿರು ಬೇಕೆಂದು ಹೊತ್ತವನ್ನು, ತೆಗೆಸಲಾಯಿತೆಂದು ಅಲ್ಲಿನ ವೈದ್ಯರು ಅಂದಾಜು ಮಾಡಿದರು. ಅಲ್ಲಿ ಬಿದ್ದ ವಿಕಿರಣ ಭ್ರೂಣಕ್ಕೆ ಹಾನಿ ಮಾಡುವ ಪ್ರಮಾಣದ ಹತ್ತಿರವೂ ಇರಲಿಲ್ಲ. 2011ರ ಮಾರ್ಚ್‌ನಲ್ಲಿ ಫುಕುಶಿಮಾದ ಸ್ಥಾವರ ಕೆಟ್ಟಾಗ ತೀವ್ರ ವಿಕಿರಣ ಕಾಯಿಲೆಯಿಂದ ಒಬ್ಬರೂ ಸಾಯಲಿಲ್ಲ. ಆದರೆ ಸ್ಥಾವರದಿಂದ ಐದು ಕಿ.ಮೀ. ಒಳಗಿದ್ದ ಫುತಾಬಾ ಆಸ್ಪತ್ರೆಯ ಹಾಸಿಗೆ ಹಿಡಿದ ಮುದುಕರನ್ನು ಬಸ್ಸುಗಳಲ್ಲಿ ಕೂರಿಸಿ, ಮೊದಲು ತಪಾಸಣೆಗೆಂದು ಒಂದು ಕಡೆ ಒಯ್ದು, ಅಲ್ಲಿಂದ ಸುತ್ತು ದಾರಿಯಲ್ಲಿ 200 ಕಿ.ಮೀ. ಮೀರಿ ಸಾಗಿಸಿ, ಕೊನೆಗೆ ಒಂದು ಶಾಲೆಯಲ್ಲಿ ಇಳಿಸಿದರು. ದಾರಿಯಲ್ಲೂ ಆಮೇಲಿನ ದಿನಗಳಲ್ಲೂ ಸತ್ತವರು 40ಕ್ಕೂ ಹೆಚ್ಚು. ಡ್ರಿಪ್ ಇಲ್ಲ, ಕಫ ಎಳೆಯುವ ಯಂತ್ರವಿಲ್ಲ, ಮೈ ಬೆಚ್ಚಗಿಡಲು ಹೊದಿಕೆ ಸಾಲದು. ಅವರನ್ನು ಕೊಂದದ್ದು ವಿಕಿರಣವಲ್ಲ, ಅವಸರ.

ಹಿರಿಯರು: ಈ ಮಾತನ್ನು ಇಲ್ಲಿಯೇ ತಡೆಯಬೇಕು. ವಿಕಿರಣಕ್ಕಿಂತ ಭಯವೇ ಕೊಂದಿತು ಎಂಬ ವಾಕ್ಯ ನಿಮ್ಮ ಬಾಯಲ್ಲಿ ವೈದ್ಯಕೀಯ ಪಾಠ. ಸ್ಥಾವರ ಕಟ್ಟುವವರ ಬಾಯಿಗೆ ಹೋದೊಡನೆ ಅದು ಜನರಿಗೆ ಹಾಕುವ ಬೈಗುಳ. 1980ರ ದಶಕದಲ್ಲಿ ಕೈಗಾ ಬೇಡವೆಂದು ಶಿವರಾಮ ಕಾರಂತರು ದನಿ ಎತ್ತಿದರು, 1989ರಲ್ಲಿ ಅದೇ ಕಾರಣಕ್ಕೆ ಲೋಕಸಭೆಗೂ ನಿಂತು ಸೋತರು. ಹೊನ್ನಾವರದ ಕಡೆ ಹಳ್ಳಿಗರ ನಡುವೆ ಚಿಕಿತ್ಸೆ ಮಾಡುತ್ತಿದ್ದ ಡಾ. ಕುಸುಮಾ ಸೊರಬ ಸ್ವತಃ ವೈದ್ಯೆ; ಅವರು ಆ ಚಳವಳಿಯ ಮುಂದಾಳುಗಳಲ್ಲಿ ಒಬ್ಬರು. ಅವರ ಪ್ರಶ್ನೆಗಳನ್ನು ಭಯ ಎಂಬ ಕಾಯಿಲೆಯ ಲಕ್ಷಣವೆಂದು ಬರೆದುಕೊಳ್ಳಲಾಗುತ್ತದೆಯೆ? ಜ್ವರ ಕಾಯಿಲೆಯಲ್ಲ, ಒಳಗೆ ಸೋಂಕಿದೆ ಎಂಬ ಸೂಚನೆ. ಭಯವೂ ಹಾಗೆ; ಹೇಳಬೇಕಾದವರು ಹೇಳಬೇಕಾದ್ದನ್ನು ಹೇಳುತ್ತಿಲ್ಲ ಎಂಬ ಸೂಚನೆ. ಚೆರ್ನೋಬಿಲ್‌ನಲ್ಲಿ ಜನ ಹೆದರಿದ್ದರೆ ಎಷ್ಟೋ ಮಕ್ಕಳ ಗಂಟಲು ಉಳಿಯುತ್ತಿತ್ತು.

ಹಿರಿಯರ ಈ ಏಟು ಗುರಿ ಮುಟ್ಟಿದೆ ಎಂದು ಒಪ್ಪಬೇಕು. ಭಯವನ್ನೂ ಮಾಹಿತಿಯ ಕೊರತೆಯನ್ನೂ ತರುಣಿ ಒಂದೇ ಉಸಿರಿನಲ್ಲಿ ಹೇಳಿದಾಗ ಎರಡರ ನಡುವಿನ ಗೆರೆ ಅಳಿಸಿಹೋಗಿತ್ತು.

ತರುಣಿ: ಗಂಟಲಿನ ಮಾತು ನಿಜ. ಅಲ್ಲಿಂದ ಹಾರಿದ ಅಯೋಡಿನ್-131 ಹುಲ್ಲಿನ ಮೇಲೆ ಕುಳಿತು, ಹುಲ್ಲಿನಿಂದ ಹಸುವಿಗೆ, ಹಾಲಿನಿಂದ ಮಕ್ಕಳಿಗೆ ಬಂತು. ಕತ್ತಿನ ಬುಡದಲ್ಲಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಎಂದರೆ ಒಳ್ಳೆಯದು, ಕೆಟ್ಟದ್ದು ನೋಡದೆ ಹೀರುತ್ತದೆ. 2005ರ ಹೊತ್ತಿಗೆ ಆಗ ಮಕ್ಕಳಾಗಿದ್ದವರಲ್ಲಿ 6,000ದಷ್ಟು ಥೈರಾಯ್ಡ್ ಕ್ಯಾನ್ಸರ್ ದಾಖಲಾದವು. ಹೆಚ್ಚು ಹೊಡೆತ ತಿಂದ ಬೆಲಾರೂಸಿನ ಗೋಮೆಲ್ ನಗರ ಸ್ಥಾವರದಿಂದ ಸುಮಾರು 130 ಕಿ.ಮೀ. ದೂರ, ಕೈಗಾದಿಂದ ರಾಣೆಬೆನ್ನೂರು ಇರುವಷ್ಟೇ.

ಹಿರಿಯರು: ಈಗ ಭಯ ಹುಟ್ಟಿಸುತ್ತಿರುವವರು ಯಾರು? ಚೆರ್ನೋಬಿಲ್ ರಿಯಾಕ್ಟರಿಗೆ ಕೈಗಾಕ್ಕೆ ಇರುವಂಥ ಗುಮ್ಮಟ ಇರಲಿಲ್ಲ, ಒಳಗಿನ ಗ್ರಾಫೈಟು ಹತ್ತು ದಿನ ಉರಿಯಿತು. ದೂರ ಒಂದೇ ಆದರೆ ಕಥೆ ಒಂದೇ ಆಗುವುದಿಲ್ಲ.

ತರುಣಿ: ಒಂದೇ ಅಲ್ಲ, ಫುಕುಶಿಮಾದಲ್ಲಿ ಹೊರಬಿದ್ದದ್ದು ಚೆರ್ನೋಬಿಲ್‌ನ ಹತ್ತನೆಯ ಒಂದು ಪಾಲಿನಷ್ಟು. ಆದರೂ ಅಲ್ಲಿನ 20 ಕಿ.ಮೀ. ವೃತ್ತದ ಹೊರಗೆ, ಗಾಳಿ ಬೀಸಿದ ದಿಕ್ಕಿನಲ್ಲಿ, ಸುಮಾರು 40 ಕಿ.ಮೀ. ದೂರದ ಇತಾತೆ ಎಂಬ ಹಳ್ಳಿಯನ್ನು ತಡವಾಗಿ ಖಾಲಿ ಮಾಡಿಸಬೇಕಾಯಿತು. ವೃತ್ತವನ್ನು ಕಂಪಾಸಿನಿಂದ ಎಳೆಯುತ್ತಾರೆ, ಗಾಳಿ ಕಂಪಾಸು ನೋಡುವುದಿಲ್ಲ.

ವರ್ತಕರು: ಹಾಗಾದರೆ ಹಾವೇರಿಯ ಔಷಧಿ ಅಂಗಡಿಗಳಲ್ಲಿ ಆ ಅಯೋಡಿನ್ ಗುಳಿಗೆ ದಾಸ್ತಾನು ಇಡಬೇಕೆಂದು ನಿಮ್ಮ ಅಭಿಪ್ರಾಯವೆ?

ಹಿರಿಯರು: ಬೇಡ. ಗುಳಿಗೆ ನುಂಗಬೇಕಾದದ್ದು ವಿಕಿರಣಶೀಲ ಧೂಳಿನ ಮೋಡ ಬರುವ ತುಸು ಮೊದಲು ಅಥವಾ ಬಂದ ಕೆಲವೇ ತಾಸಿನಲ್ಲಿ. ಒಂದು ದಿನ ಕಳೆದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ದೊಡ್ಡವರಿಗೆ 130 ಮಿಲಿಗ್ರಾಂ, ಹಸುಗೂಸಿಗೆ 16. ನಲವತ್ತು ದಾಟಿದವರಿಗೆ ಸಾಮಾನ್ಯವಾಗಿ ಅಗತ್ಯವೇ ಇಲ್ಲ. ಅಂಗಡಿಯಲ್ಲಿಟ್ಟರೆ ಮೊದಲು ಕೊಳ್ಳುವವರು ನಲವತ್ತು ದಾಟಿದವರೇ. 2011ರಲ್ಲಿ ಚೀನಾದ ಊರೂರುಗಳಲ್ಲಿ ಜನ ಅಯೋಡಿನ್ ಉಪ್ಪಿಗೆ ಮುಗಿಬಿದ್ದು ಅಂಗಡಿ ಖಾಲಿ ಮಾಡಿದರು. ಒಂದು ಗುಳಿಗೆಯಷ್ಟು ಅಯೋಡಿನ್ ಉಪ್ಪಿನಿಂದ ಪಡೆಯಬೇಕಾದರೆ ಒಂದೇ ಹೊತ್ತಿಗೆ ಕಿಲೋಗಟ್ಟಲೆ ತಿನ್ನಬೇಕು!

ತರುಣಿ: ಗುಳಿಗೆಯ ಬದಲು ಉಪ್ಪಲ್ಲ, ಅದು ಸರಿ, ಆದರೆ ಉಪ್ಪಿನ ಪಾಠ ಬೇರೆ ಇದೆ. ಗೋಮೆಲ್ ಸುತ್ತಲಿನ ಮಣ್ಣಿನಲ್ಲಿ, ಊಟದಲ್ಲಿ ಅಯೋಡಿನ್ ಮೊದಲೇ ಕಡಿಮೆ. ಹಸಿದ ಗ್ರಂಥಿ ಬಂದದ್ದನ್ನೆಲ್ಲ ನುಂಗಿತು. ಅಯೋಡಿನ್ ಕೊರತೆ ಇದ್ದ ಕಡೆ ಕ್ಯಾನ್ಸರಿನ ಅಪಾಯ ಮೂರು ಪಟ್ಟಿನಷ್ಟಾಯಿತು. 1962ರಿಂದ ಈ ದೇಶದಲ್ಲಿ ಗಳಗಂಡ ನಿಯಂತ್ರಣಕ್ಕೆಂದು ನಡೆದುಬಂದ ಅಯೋಡಿನ್ ಉಪ್ಪಿನ ಕಾರ್ಯಕ್ರಮ ಯಾರೂ ನೆನೆಯದೆ ಇದಕ್ಕೂ ಒಂದು ಕಾಪು. ಅಂಗನವಾಡಿಯ ಸಾರಿಗೆ ಬೀಳುವ ಚಿಟಿಕೆ ಉಪ್ಪನ್ನು ಆಗಾಗ ಪರೀಕ್ಷಿಸುವುದು ಅಣು ಸಿದ್ಧತೆ ಎಂದು ಯಾವ ಆದೇಶದಲ್ಲೂ ಬರೆದಿರಲಿಕ್ಕಿಲ್ಲ, ಆದರೆ ಅದೇ.

ಹಿರಿಯರು: ಉಪ್ಪು ಒಪ್ಪಿತು. ಪರೀಕ್ಷೆಯ ವಿಷಯದಲ್ಲಿ ಎಚ್ಚರ ಬೇಕು. ಫುಕುಶಿಮಾದಲ್ಲಿ ಆಮೇಲೆ ಸುಮಾರು 3 ಲಕ್ಷ ಮಕ್ಕಳ ಕತ್ತಿಗೆ ಅಲ್ಟ್ರಾಸೌಂಡ್ ಹಿಡಿದರು. ಮೊದಲ ಸುತ್ತಿನಲ್ಲೇ ನೂರಕ್ಕೂ ಹೆಚ್ಚು ಕ್ಯಾನ್ಸರ್ ಕಂಡವು. ಅವು ವಿಕಿರಣದಿಂದ ಬಂದವಲ್ಲ, ಅಷ್ಟು ಸೂಕ್ಷ್ಮವಾಗಿ ಹುಡುಕಿದ್ದರಿಂದ ಸಿಕ್ಕವು ಎಂಬುದು ವಿಶ್ವಸಂಸ್ಥೆಯ ತಜ್ಞರ ತೀರ್ಮಾನ. ಬದುಕಿಡೀ ತೊಂದರೆ ಕೊಡದೆ ಇರಬಹುದಾಗಿದ್ದ ಗಂಟಿಗೆ ಕತ್ತಿ ಇಟ್ಟಂತಾಯಿತು. ಲೆಕ್ಕ ಇಡಬೇಕೆಂಬ ನಿಮ್ಮ ಹಟಕ್ಕೂ ಒಂದು ಬೆಲೆ ಇದೆ.

ವರ್ತಕರು: ಹಾಲಿನ ಮಾತು ಅರ್ಧಕ್ಕೆ ನಿಂತಿತು. ಮುಂಜಾನೆ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಣ್ಣುಮಕ್ಕಳಿಗೆ ಹಾಲು ಚೆಲ್ಲಿ ಎನ್ನುವುದೆ?

ತರುಣಿ: 1957ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಪ್ಲುಟೋನಿಯಂ ತಯಾರಿಸುವ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಕೆಲವೇ ದಿನಗಳಲ್ಲಿ ಸುಮಾರು 500 ಚದರ ಕಿ.ಮೀ. ಪ್ರದೇಶದ ಹಾಲನ್ನು ತಡೆದು ಚೆಲ್ಲಿಸಿದರು. ಪಾಠ ಆಗಲೇ ಗೊತ್ತಿತ್ತು. 29 ವರ್ಷದ ನಂತರ ಚೆರ್ನೋಬಿಲ್‌ನಲ್ಲಿ ಅದನ್ನು ಪಾಲಿಸಲಿಲ್ಲ. ಆದರೆ ಚೆಲ್ಲಲೇಬೇಕೆಂದಿಲ್ಲ. ಅಯೋಡಿನ್-131ರ ಅರ್ಧಾಯು 8 ದಿನ. ಹಾಲನ್ನು ಪುಡಿ ಮಾಡಿ 80 ದಿನ ಇಟ್ಟರೆ ಹತ್ತು ಸಲ ಅರ್ಧವಾಗಿ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ.

ವರ್ತಕರು: ಕೋಲ್ಡ್ ಸ್ಟೋರೇಜಿನಲ್ಲಿ ದಾಸ್ತಾನು ಇಟ್ಟರೆ ದರ ಏರುವುದು ಕೇಳಿ ಗೊತ್ತು, ವಿಷ ಇಳಿಯುವುದನ್ನು ಕೇಳಿದ್ದು ಇದೇ ಮೊದಲು.

ಹಿರಿಯರು: ಅಯೋಡಿನ್ ಇಳಿದೀತು. ಜೊತೆಗೆ ಬಂದ ಸೀಸಿಯಂ-137ರ ಅರ್ಧಾಯು 30 ವರ್ಷ, ಅದಕ್ಕೆ ಯಾವ ಗೋದಾಮೂ ಸಾಲದು.

ತರುಣಿ: ಅದಕ್ಕೆ ಅಳೆಯಬೇಕು. ಫುಕುಶಿಮಾ ಪ್ರಾಂತದಲ್ಲಿ 2012ರಿಂದ ಅಕ್ಕಿಯ ಒಂದೊಂದು ಚೀಲವನ್ನೂ ಯಂತ್ರದ ಕೆಳಗೆ ಹಾಯಿಸಿದರು, ವರ್ಷಕ್ಕೆ ಒಂದು ಕೋಟಿ ಚೀಲದಷ್ಟು. ಕೆ.ಜಿ.ಗೆ 100 ಬೆಕ್ವೆರೆಲ್, ಅಂದರೆ ಸೆಕೆಂಡಿಗೆ ನೂರು ಪರಮಾಣು ಒಡೆಯುವಷ್ಟು, ಮಿತಿ; ಅದರೊಳಗಿದ್ದರೆ ಚೀಲಕ್ಕೆ ಚೀಟಿ.

ವರ್ತಕರು: ಚೀಟಿ ಅಂಟಿಸಿದೊಡನೆ ಜನ ಕೊಂಡರೆ?

ತರುಣಿ: ಕೊಂಡರು, ಬೇಗ ಅಲ್ಲ. ವರ್ಷಗಳು ಹಿಡಿದವು, ಬೆಲೆಯೂ ತಗ್ಗಿತು.

ವರ್ತಕರು: ಇಲ್ಲಿ ಟೆಂಡರಿನ ದಿನ ಚೀಲದೊಳಗೆ ಕೈ ಹಾಕಿ, ತಳದ ಕಾಯಿ ಮೇಲಕ್ಕೆ ತಂದು, ಮುರಿದು ನೋಡದೆ ಯಾರೂ ದರ ಬರೆಯುವುದಿಲ್ಲ. ಕೈಗೆ ಸಿಗದ, ಕಣ್ಣಿಗೆ ಕಾಣದ, ಮೂಗಿಗೆ ಬಾರದ ವಸ್ತುವಿಗೆ ಚೀಟಿಯನ್ನೇ ನಂಬಬೇಕೆಂದರೆ, ಆ ಚೀಟಿ ಬರೆದ ಕೈ ಯಾರದೆಂದು ಮೊದಲು ಕೇಳುತ್ತಾರೆ.

ತರುಣಿ: ಅಳೆಯುವ ಯಂತ್ರ ಸ್ಥಾವರದವರ ಬಳಿ ಇದೆ, ಅಣುಶಕ್ತಿ ಇಲಾಖೆಯ ತುರ್ತು ಕೇಂದ್ರಗಳಲ್ಲಿದೆ.

ಹಿರಿಯರು: ಸ್ಥಾವರದವರ ಸಹಿ ಇದ್ದರೆ ಊರು ನಂಬುವುದಿಲ್ಲ, ಜಿಲ್ಲಾ ಆಸ್ಪತ್ರೆಯ ವೈದ್ಯರ ಸಹಿ ಬೇಕೆಂದರೆ ಅವರ ಬಳಿ ಯಂತ್ರವಿಲ್ಲ.

ತರುಣಿ: ಹಾಗಾದರೆ ಒಂದು ಯಂತ್ರವನ್ನಾದರೂ ಆಸ್ಪತ್ರೆಗೆ ತರಿಸಬೇಕೆಂದು ನೀವೇ ಹೇಳಿದಂತಾಯಿತು, ಸರ್.

ಹಿರಿಯರು: ಯಂತ್ರದ ಮಾತು ಆಡಲಿಲ್ಲ. ಗೋಡೆಯ ಮೊಳೆಗೆ ತೂಗುವ ಬ್ಯಾಡ್ಜನ್ನು ಮೊದಲು ಇಳಿಸಿ ಆ ಹುಡುಗನ ಅಂಗಿಗೆ ಹಾಕಿಸಿ. ಅದರ ಪುಸ್ತಕಕ್ಕೆ ಮೂರು ತಿಂಗಳಿಗೊಮ್ಮೆ ತಪ್ಪದೆ ಸಹಿ ಬೀಳುವುದನ್ನು ಒಂದು ವರ್ಷ ನೋಡಿ, ಆಮೇಲೆ ಬನ್ನಿ, ಹಾಲಿನ ಚೀಟಿಯ ಮಾತು ಆಡೋಣ.